ಗಂಡು ಮರಿಗಳ ನಡುವೆ ಹುಟ್ಟಿದ ಹೆಣ್ಣುಹಂದಿ ಗೊಡ್ಡಾಗುತ್ತದೆಯೇ?

ಓದುಗರ ಪ್ರಶ್ನೆ: "ನಮ್ಮಲ್ಲಿ ಇಪ್ಪತ್ತೆರಡು ತಾಯಿ ಹಂದಿಗಳಿವೆ. ಅವುಗಳಲ್ಲೇ ಒಳ್ಳೆಯದೊಂದು ನಾಲ್ಕನೇ ಸೂಲಿನಲ್ಲಿ ಹದಿನಾರು ಮರಿ ಹಾಕಿತು. ಹನ್ನೆರಡು ಗಂಡು, ನಾಲ್ಕೇ ಹೆಣ್ಣು. ತಾಯಿಯ ಗುಣ ಮುಂದುವರಿಯಲಿ ಎಂದು ಎರಡು ಹೆಣ್ಣು ಮರಿಗಳನ್ನು ತಳಿಗೆ ಉಳಿಸಿಕೊಂಡೆ. ಒಂದು ಏಳನೇ ತಿಂಗಳಲ್ಲಿ ಬೆದೆಗೆ ಬಂತು, ಅದರ ಮುಂದಿನ ಬೆದೆಯಲ್ಲಿ ಗಬ್ಬ ಕಟ್ಟಿದೆ. ಇನ್ನೊಂದಕ್ಕೆ ಎಂಟು ತಿಂಗಳು ತುಂಬಿದರೂ ಬೆದೆಯ ಸುಳಿವೇ ಇಲ್ಲ. ಹುಟ್ಟುವಾಗ ಅದು ತೀರಾ ಸಣ್ಣದಿತ್ತು, ಈಗ ಜೊತೆಯದರಷ್ಟೇ ದೊಡ್ಡದಾಗಿದೆ. ಹೋರಿಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಗೊಡ್ಡಾಗುವ ಹಾಗೆ ಇದೂ ಗೊಡ್ಡು, ಗಂಡುಗಳ ನಡುವೆ ಸಿಕ್ಕಿಕೊಂಡಿತ್ತು ಎಂದು ಹಳೆಯ ಸಾಕಣೆದಾರರೊಬ್ಬರು ಹೇಳಿದರು. ತಾಯಿ ಗಬ್ಬವಿದ್ದ ಕಾಲದಲ್ಲಿ ಬಿಸಿಲೂ ಜೋರಾಗಿತ್ತು. ಇದನ್ನು ಕಾಯಲೇ, ಚುಚ್ಚುಮದ್ದು ಕೊಡಿಸಲೇ, ಮಾರಿಬಿಡಲೇ? ಮುಂದೆ ಮರಿ ಆರಿಸುವಾಗ ಏನು ನೋಡಬೇಕು?"

ಉತ್ತರ:

ನೀವು ಕೇಳಿರುವುದು ಎರಡು ಮೂರು ಪ್ರಶ್ನೆಗಳಾದರೂ ಅವುಗಳ ಹಿಂದಿರುವ ಆತಂಕ ಒಂದೇ: ಈ ಹಂದಿಯ ಹಣೆಬರಹ ಅದು ಹುಟ್ಟುವ ಮೊದಲೇ ತೀರ್ಮಾನವಾಗಿ ಹೋಗಿತ್ತೇ? ಸೋದರರ ನಡುವೆ ಬೆಳೆಯಿತು ಎಂಬ ಒಂದೇ ಕಾರಣಕ್ಕೆ ಹಂದಿ ಗೊಡ್ಡಾಗುವುದಿಲ್ಲ. ಆದರೆ ತಾಯಿಯ ಹೊಟ್ಟೆಯಲ್ಲಿ ಕಳೆದ ದಿನಗಳು ಹೆಣ್ಣುಹಂದಿಯ ಅಂಡಾಶಯದ ಮೇಲೂ ಗರ್ಭಕೋಶದ ಮೇಲೂ ಗುರುತು ಬಿಡುತ್ತವೆ ಎಂಬುದು ನಿಜ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಹನ್ನೆರಡು ಗಂಡು ಮರಿಗಳ ಲೆಕ್ಕವಲ್ಲ. "ಹುಟ್ಟುವಾಗ ತೀರಾ ಸಣ್ಣದಿತ್ತು" ಎಂದು ನೀವು ದಾರಿಯಲ್ಲಿ ಹೇಳಿಹೋದ ಆ ಮಾತು.

ಮೊದಲು ಹಸುವಿನ ವಿಷಯ ಮುಗಿಸೋಣ. ಹಸುವಿನ ಹೊಟ್ಟೆಯಲ್ಲಿ ಅವಳಿಗಳಿದ್ದಾಗ ಎರಡರ ಮಾಸುಚೀಲಗಳೂ ಬೇಗನೆ ಒಂದಕ್ಕೊಂದು ಬೆಸೆದುಕೊಂಡು ರಕ್ತನಾಳಗಳು ಕೂಡಿಕೊಳ್ಳುತ್ತವೆ. ಗಂಡು ಭ್ರೂಣದ ವೃಷಣದಿಂದ ಹೊರಡುವ ಹಾರ್ಮೋನುಗಳು ನೇರವಾಗಿ ಹೆಣ್ಣಿನ ರಕ್ತಕ್ಕೆ ಸೇರಿ, ಅದರ ಅಂಗಗಳು ರೂಪುಗೊಳ್ಳುವ ಹೊತ್ತಿಗೇ ಅಡ್ಡಿಪಡಿಸುತ್ತವೆ. ಹಾಗೆ ಹುಟ್ಟಿದ ಹತ್ತು ಹೆಣ್ಣು ಕರುಗಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಗೊಡ್ಡು. ಫ್ರೀಮಾರ್ಟಿನ್ ಎಂದು ಕರೆಯುವ ಈ ಸ್ಥಿತಿಗೆ ರಕ್ತದ ಕೂಡುವಿಕೆಯೇ ಕಾರಣವೆಂದು ಜೀವವಿಜ್ಞಾನಿ ಫ್ರಾಂಕ್ ಲಿಲ್ಲೀ 1916ರಲ್ಲೇ ವಿವರಿಸಿದ್ದರು. ಹಂದಿಯಲ್ಲಿ ಏರ್ಪಾಡು ಬೇರೆ. ಗರ್ಭಕೋಶದ ಎರಡು ಉದ್ದನೆಯ ಕೊಂಬುಗಳಲ್ಲಿ ಮರಿಗಳು ಸಾಲಾಗಿ ಕೂತಿರುತ್ತವೆ, ಪ್ರತಿಯೊಂದಕ್ಕೂ ತನ್ನದೇ ಮಾಸುಚೀಲ. ಪಕ್ಕದ ಚೀಲದ ತುದಿ ತಾಗಿದರೂ ಆ ತುದಿಗಳಲ್ಲಿ ರಕ್ತ ಹರಿಯದೆ ಒಣಗಿರುತ್ತದೆ. ಮುಂದಿನ ಸಲ ಹಂದಿ ಮರಿ ಹಾಕಿದಾಗ ಮಾಸನ್ನು ನೀರಿನಲ್ಲಿ ತೊಳೆದು ಬಿಡಿಸಿ ನೋಡಿ: ನಡುಭಾಗ ಮಡಿಕೆ ಮಡಿಕೆಯಾಗಿ ಕೆಂಪಗಿರುತ್ತದೆ, ಎರಡೂ ತುದಿಗಳು ಕಂದು ಬಣ್ಣಕ್ಕೆ ತಿರುಗಿ ಮುದುಡಿರುತ್ತವೆ. ಆ ಸತ್ತ ತುದಿಗಳೇ ಮರಿ ಮರಿಯ ನಡುವಿನ ಬೇಲಿ. ಬೇಲಿ ದಾಟಿ ರಕ್ತ ಸೇರಿದ ಪ್ರಕರಣಗಳು ಹಂದಿಯಲ್ಲೂ ದಾಖಲಾಗಿವೆ, ಆದರೆ ವಿರಳ.

ಹಾಗಾದರೆ ಆ ಹಿರಿಯರ ಮಾತು ಎಲ್ಲಿಂದ ಬಂತು? ನನ್ನ ಊಹೆ ಇದು. ಹಂದಿಗಳಲ್ಲಿ ಹೆಣ್ಣೂ ಅಲ್ಲದ ಗಂಡೂ ಅಲ್ಲದ ಮರಿಗಳು ಬೇರೆ ಸಾಕುಪ್ರಾಣಿಗಳಿಗಿಂತ ಹೆಚ್ಚಾಗಿ ಕಾಣಸಿಗುತ್ತವೆ. ನೋಡಲು ಹೆಣ್ಣು, ಆದರೆ ಯೋನಿಯ ತುದಿ ಮೇಲಕ್ಕೆ ಚೂಪಾಗಿ ತಿರುಗಿರುತ್ತದೆ, ಬೆಳೆದಂತೆ ಗಂಡಿನಂತೆ ಬೇರೆ ಹಂದಿಗಳ ಮೇಲೇರಲು ಹೋಗುತ್ತದೆ, ಒಳಗೆ ಅಂಡಾಶಯದ ಜಾಗದಲ್ಲಿ ವೃಷಣದ ಅಂಶವಿರುತ್ತದೆ. ಇದನ್ನು ಕಂಡವರು ಸೋದರರ ಮೇಲೆ ತಪ್ಪು ಹೊರಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ವಂಶದಲ್ಲಿ ಹರಿದುಬರುವ ದೋಷ, ನೆರೆಯ ಮರಿಯಲ್ಲ. ನಿಮ್ಮ ಹಂದಿಯ ಬಾಲವೆತ್ತಿ ಒಮ್ಮೆ ಸರಿಯಾಗಿ ನೋಡಿ. ಯೋನಿ ತೀರಾ ಕಿರಿದಾಗಿದ್ದರೆ ಅಥವಾ ತುದಿಯಲ್ಲಿ ಗಂಟಿನಂತೆ ಏನಾದರೂ ಹೊರಬಂದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಆಗ ಅದನ್ನು ಹುಟ್ಟಿಸಿದ ಗಂಡು-ಹೆಣ್ಣಿನ ಜೋಡಿಯನ್ನು ಮತ್ತೆ ಕೂಡಿಸಲೂ ಬೇಡಿ.

ಗಂಡು ಮರಿಗಳ ನೆರೆಹೊರೆಗೆ ಏನೂ ಪ್ರಭಾವವಿಲ್ಲವೇ ಎಂದರೆ, ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ಎರಡು ಗಂಡುಗಳ ನಡುವೆ ಬೆಳೆದ ಹೆಣ್ಣು ಇಲಿಗಳ ದೇಹ ಮತ್ತು ನಡವಳಿಕೆ ತುಸು ಗಂಡಿನ ಕಡೆಗೆ ವಾಲುತ್ತದೆ ಎಂದು ಸಂಶೋಧಕ ಫ್ರೆಡರಿಕ್ ವಾಮ್ ಸಾಲ್ ಮತ್ತು ಅವರ ಸಂಗಡಿಗರು 1970ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಗರ್ಭದ ನೀರು ಮತ್ತು ಪೊರೆಗಳ ಮೂಲಕ ಸ್ವಲ್ಪ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಪಕ್ಕಕ್ಕೆ ಜಿನುಗುತ್ತದೆ ಎಂಬುದು ವಿವರಣೆ. ಹಂದಿಗಳಲ್ಲಿ ಲೀ ಡ್ರಿಕಮರ್ 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಗಂಡು ಮರಿಗಳೇ ಹೆಚ್ಚಿದ್ದ ಸೂಲಿನಲ್ಲಿ ಹುಟ್ಟಿದ ಹೆಣ್ಣುಗಳು ಮೊದಲ ಸಲ ಕೂಡಿಸಿದಾಗ ಗಬ್ಬ ಕಟ್ಟದೆ ಹೋಗುವುದು ಹೆಚ್ಚು ಎಂದು ಕಂಡುಬಂತು. ಅಂಥ ಹೆಣ್ಣುಗಳಲ್ಲಿ ಮೊಲೆತೊಟ್ಟುಗಳೂ ಸರಾಸರಿ ಕಡಿಮೆ. ಅತ್ತ ಕಡೆ, ಗರ್ಭದಲ್ಲಿ ಯಾರ ಪಕ್ಕದಲ್ಲಿತ್ತು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ ಎಂದ ಅಧ್ಯಯನಗಳೂ ಇವೆ. ಇದ್ದರೆ ಇದು ಸಣ್ಣ ವಾಲುವಿಕೆ, ಗೊಡ್ಡುತನವಲ್ಲ. ಅದೇ ಸೂಲಿನ ನಿಮ್ಮ ಇನ್ನೊಂದು ಹೆಣ್ಣು ಗಬ್ಬ ಕಟ್ಟಿ ನಿಂತಿದೆಯಲ್ಲ!

ಈಗ ನಿಜವಾಗಿ ಗುರುತು ಬಿಡುವ ಸಂಗತಿಗೆ ಬರುತ್ತೇನೆ.

ಹಂದಿಯ ಗರ್ಭ ಸುಮಾರು 114 ದಿನ. 26–28ನೇ ದಿನದ ಹೊತ್ತಿಗೆ ಗಂಡಿನಲ್ಲಿ ವೃಷಣ ಗುರುತು ಹಿಡಿಯುವಷ್ಟಾಗುತ್ತದೆ, ಅಂಡಾಶಯ ತುಸು ತಡವಾಗಿ ತನ್ನ ರೂಪ ಪಡೆಯುತ್ತದೆ. ಆಮೇಲೆ ಅದರೊಳಗಿನ ಅಂಡಾಣುಗಳ ಮೂಲಕೋಶಗಳು ಭರದಿಂದ ಹೆಚ್ಚುತ್ತವೆ. 50ನೇ ದಿನದ ಸುಮಾರಿಗೆ ಅವು ಹತ್ತು ಲಕ್ಷದ ಆಸುಪಾಸು, ಅಲ್ಲಿಂದ ಇಳಿಮುಖ. ಮರಿ ಹುಟ್ಟುವ ಹೊತ್ತಿಗೆ ಸರಿಸುಮಾರು ಅರ್ಧದಷ್ಟು ಉಳಿದಿರುತ್ತವೆ. ಈ ಇಳಿಕೆ ರೋಗವಲ್ಲ, ಸಹಜ ಕ್ರಮ. ಉಳಿದವುಗಳ ಸುತ್ತ ಒಂದು ಪದರ ಕೋಶಗಳು ಸೇರಿಕೊಂಡು ಕೋಶಿಕೆಗಳು ಕಟ್ಟಿಕೊಳ್ಳುವುದು ಗರ್ಭದ ಎರಡನೇ ಅರ್ಧದಲ್ಲಿ. ಅಂದರೆ ಗಬ್ಬದ ಹಂದಿಯ ಹೊಟ್ಟೆಯಲ್ಲಿ ಮಗಳಷ್ಟೇ ಅಲ್ಲ, ಮಗಳ ಒಡಲಲ್ಲಿ ಮೊಮ್ಮಕ್ಕಳ ಬೀಜವೂ ರೂಪುಗೊಳ್ಳುತ್ತಿರುತ್ತದೆ. ಆ ದಿನಗಳಲ್ಲಿ ತಾಯಿಗೆ ನಾವು ತಿನ್ನಿಸಿದ್ದು, ತಾಯಿಯನ್ನು ನಾವು ಬಿಸಿಲಿನಲ್ಲಿ ಬಿಟ್ಟದ್ದು ಎಲ್ಲವೂ ಎರಡು ತಲೆಮಾರಿನವರೆಗೆ ಕೈ ಚಾಚುತ್ತದೆ ಎಂಬುದು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ.

ಈ ಎಲ್ಲ ಕೆಲಸಕ್ಕೆ ಬೇಕಾದ ಪೋಷಣೆ ಬರುವುದು ಮಾಸಿನ ಮೂಲಕ. ಮಾಸು ಎಷ್ಟು ಅಗಲಕ್ಕೆ ಹರಡಿಕೊಳ್ಳಬಹುದು ಎಂಬುದು ಕೊಂಬಿನಲ್ಲಿ ಸಿಕ್ಕ ಜಾಗದ ಮೇಲೆ ನಿಂತಿದೆ. ದಶಕಗಳಿಂದ ನಾವು ಹೆಚ್ಚು ಮರಿ ಹಾಕುವ ಹಂದಿಗಳನ್ನೇ ಆರಿಸುತ್ತ ಬಂದೆವು. ಬಿಡುಗಡೆಯಾಗುವ ಅಂಡಾಣುಗಳು ಹೆಚ್ಚಿದವು, ಗರ್ಭಕೋಶ ಅದೇ ವೇಗದಲ್ಲಿ ದೊಡ್ಡದಾಗಲಿಲ್ಲ. ಆಲ್ಬರ್ಟಾ ವಿಶ್ವವಿದ್ಯಾಲಯದ ಜಾರ್ಜ್ ಫಾಕ್ಸ್‌ಕ್ರಾಫ್ಟ್ ಮತ್ತವರ ಸಂಗಡಿಗರು ಈ ನೂಕುನುಗ್ಗಲಿನ ಪರಿಣಾಮವನ್ನು ವರ್ಷಗಟ್ಟಲೆ ಬೆನ್ನುಹತ್ತಿದವರು. ಅವರ ಕೆಲಸದಿಂದ ನಾನು ಕಲಿತ ದೊಡ್ಡ ಪಾಠವೊಂದಿದೆ. 30ನೇ ದಿನದ ಹೊತ್ತಿಗೆ ಭ್ರೂಣಗಳು ಕಿಕ್ಕಿರಿದಿದ್ದು, ಆಮೇಲೆ ಕೆಲವು ಸತ್ತುಹೋದರೂ, ಉಳಿದವುಗಳ ಮಾಸು ಆಗಲೇ ಸಣ್ಣದಾಗಿಯೇ ನಿಂತಿರುತ್ತದೆ. ಹಾಗಾಗಿ ಹತ್ತೇ ಮರಿ ಹಾಕಿದ ಹಂದಿಯಲ್ಲೂ ಎಲ್ಲ ಮರಿಗಳೂ ಕಡಿಮೆ ತೂಕದವಾಗಿರಬಹುದು. ಕೆಲವು ಹಂದಿಗಳು ಸೂಲಿನಿಂದ ಸೂಲಿಗೆ ಹೀಗೆಯೇ ಮಾಡುತ್ತವೆ.

ಪೋಷಣೆ ಸಾಲದಾದಾಗ ಭ್ರೂಣ ಮಿದುಳನ್ನು ಮೊದಲು ಉಳಿಸಿಕೊಳ್ಳುತ್ತದೆ. ಕರುಳು, ಯಕೃತ್ತು, ಸ್ನಾಯುಗಳ ಪಾಲು ಕಡಿಮೆಯಾಗುತ್ತದೆ, ಸಂತಾನದ ಅಂಗಗಳದ್ದೂ. ಅಂಥ ಮರಿಯನ್ನು ಕೈಯಲ್ಲಿ ಹಿಡಿದರೆ ತಿಳಿಯುತ್ತದೆ: ಹಣೆ ಡಾಲ್ಫಿನ್ನಿನಂತೆ ಉಬ್ಬಿ ಮುಂದಕ್ಕೆ ಬಾಗಿರುತ್ತದೆ, ಕಣ್ಣು ಹೊರಚಾಚಿರುತ್ತವೆ, ಮೂತಿಯ ಮೇಲೆ ಸುಕ್ಕು, ತಲೆ ದೊಡ್ಡದು, ಹಿಂಭಾಗ ಸಣಕಲು. ಹೀಗೆ ಹುಟ್ಟಿದ ಹೆಣ್ಣು ಮರಿಗಳ ಅಂಡಾಶಯವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಮುಂದಿನ ಹಂತಕ್ಕೆ ಬೆಳೆದ ಕೋಶಿಕೆಗಳು ಕಡಿಮೆ, ಇನ್ನೂ ಮೊದಲ ಹಂತದಲ್ಲೇ ಉಳಿದವು ಹೆಚ್ಚು ಎಂದು ಕಂಡುಬಂದಿದೆ. ಬೀಜದ ಚೀಲ ಖಾಲಿಯಲ್ಲ, ಮೊಳಕೆ ತಡವಾಗಿದೆ. 1 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಹೆಣ್ಣುಗಳಲ್ಲಿ ತಳಿಗೆ ನಿಲ್ಲುವವೇ ಕಡಿಮೆ. ನಿಂತವೂ ಮೊದಲ ಕೆಲವು ಸೂಲುಗಳಲ್ಲಿ ಒಟ್ಟು ಕಡಿಮೆ ಮರಿ ಕೊಡುವ ಕಡೆಗೆ ವಾಲುತ್ತವೆ. ನಿಮ್ಮ ಹಂದಿ ಮೈಯಲ್ಲಿ ಜೊತೆಯದರಷ್ಟೇ ಬೆಳೆದಿದೆ ಎಂದಿರಿ. ಮೈ ತುಂಬಿಕೊಂಡ ಮಾತ್ರಕ್ಕೆ ಅಂಡಾಶಯವೂ ಹಿಂದಿನ ಬಾಕಿ ತೀರಿಸಿದೆ ಎಂದು ಹೇಳಲಾಗದು.

ಬಿಸಿಲಿನ ಬಗ್ಗೆ ಕೇಳಿದ್ದೀರಿ. ಹಂದಿ ಬೆವರಿ ಮೈ ತಂಪು ಮಾಡಿಕೊಳ್ಳಲಾರದು, ಆದ್ದರಿಂದ ಗಬ್ಬದ ಹಂದಿಗೆ ಸೆಕೆ ನಮಗಿಂತ ಹೆಚ್ಚಿನ ಹಿಂಸೆ. ಗರ್ಭದಲ್ಲಿದ್ದಾಗ ತಾಯಿ ಸೆಕೆಯಲ್ಲಿ ಬೆಂದಿದ್ದರೆ ಮರಿಗಳ ಮೈಶಾಖ, ಬೆಳವಣಿಗೆ, ಒತ್ತಡ ತಾಳುವ ಶಕ್ತಿ ಎಲ್ಲವೂ ಬದಲಾಗಬಹುದು. ಗಂಡು ಮರಿಗಳಲ್ಲಿ ಮುಂದೆ ವೀರ್ಯದ ಮೇಲಾಗುವ ಹಾನಿ ಸ್ಪಷ್ಟವಾಗಿ ಕಂಡಿದೆ. ಹೆಣ್ಣು ಮರಿಗಳು ಬೆದೆಗೆ ಬರುವ ವಯಸ್ಸಿನ ಮೇಲೆ ಪರಿಣಾಮ ಅಷ್ಟು ಖಚಿತವಾಗಿಲ್ಲ. ಒಂದೇ ಸೂಲಿನ ಎರಡರಲ್ಲಿ ಒಂದು ಸರಿಯಿದ್ದು ಒಂದು ತಡವಾಗಿದ್ದರೆ ಬಿಸಿಲನ್ನು ದೂರಿ ಪ್ರಯೋಜನವಿಲ್ಲ. ಬಿಸಿಲು ಎರಡಕ್ಕೂ ಒಂದೇ ಆಗಿತ್ತು. ಗಬ್ಬದ ಹಂದಿಗಳನ್ನು ಗುರುತಿಲ್ಲದ ಹಂದಿಗಳ ಜೊತೆ ಬೆರೆಸಿ ಕಾದಾಟಕ್ಕೆ ಬಿಡುವುದರ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ. ಅಂಥ ತಾಯಂದಿರ ಹೆಣ್ಣುಮಕ್ಕಳು ತಾವು ಮರಿ ಹಾಕುವಾಗ ಹೆಚ್ಚು ಚಡಪಡಿಸಿ, ಮರಿಗಳ ಮೇಲೇ ಎರಗಿದ್ದು ಪ್ರಯೋಗಗಳಲ್ಲಿ ದಾಖಲಾಗಿದೆ.

ಬೂಷ್ಟು ಹಿಡಿದ ಮೆಕ್ಕೆಜೋಳದ ವಿಷಯವನ್ನು ಯಾರೂ ಕೇಳುವುದಿಲ್ಲ, ಆದರೆ ನಾನು ಎಲ್ಲರಿಗೂ ಹೇಳುತ್ತೇನೆ. ಫ್ಯುಸೇರಿಯಂ ಎಂಬ ಬೂಷ್ಟು ಉತ್ಪಾದಿಸುವ ಜಿಯರಲೆನೋನ್ ವಿಷ ಈಸ್ಟ್ರೋಜನ್ ಹಾರ್ಮೋನಿನಂತೆಯೇ ನಟಿಸುತ್ತದೆ, ಅದಕ್ಕೆ ಹಂದಿಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ತಾಯಿ ತಿಂದರೆ ಗರ್ಭದ ಮರಿಗೂ ಹಾಲಿಗೂ ತಲುಪುತ್ತದೆ. ಒಮ್ಮೆ ಒಂದು ಕೊಟ್ಟಿಗೆಗೆ ಹೋದಾಗ ಮೂರು ದಿನದ ಹೆಣ್ಣು ಮರಿಗಳ ಯೋನಿ ಬೆದೆಗೆ ಬಂದ ಹಂದಿಯದರಂತೆ ಕೆಂಪಗೆ ಊದಿಕೊಂಡಿತ್ತು. ಮಾಲೀಕರು ಸೋಂಕು ಎಂದುಕೊಂಡು ಆಂಟಿಬಯೋಟಿಕ್ ಕೊಡುತ್ತಿದ್ದರು. ಮೇವಿನ ಚೀಲದಲ್ಲಿ ಕೈ ಹಾಕಿದರೆ ಜೋಳ ಬಿಸಿಯಾಗಿ, ಹೆಪ್ಪುಗಟ್ಟಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಜೋಳ ಬದಲಿಸಿದ ಮೇಲೆ ಊತ ಇಳಿಯಿತು. ಆದರೆ ಆ ಮರಿಗಳಲ್ಲಿ ಯಾವುದನ್ನೂ ತಳಿಗೆ ಇಟ್ಟುಕೊಳ್ಳಬೇಡಿ ಎಂದೇ ಹೇಳಿಬಂದೆ.

ಗರ್ಭಕೋಶದ ಕಥೆ ಇನ್ನೂ ವಿಶೇಷವಾದದ್ದು, ಏಕೆಂದರೆ ಅದು ಹೊಟ್ಟೆಯೊಳಗೆ ಮುಗಿಯುವುದಿಲ್ಲ. ಮುಂದೆ ಭ್ರೂಣಗಳಿಗೆ ಆಹಾರ ಒಸರಬೇಕಾದ ಗರ್ಭಕೋಶದ ಗ್ರಂಥಿಗಳು ಮರಿ ಹುಟ್ಟಿದಾಗ ಇನ್ನೂ ಮೂಡಿಯೇ ಇರುವುದಿಲ್ಲ. ಹುಟ್ಟಿದ ಮೊದಲ ದಿನಗಳಿಂದ ಅವು ರೂಪುಗೊಳ್ಳತೊಡಗುತ್ತವೆ. ಹಾಗೆ ರೂಪುಗೊಳ್ಳಲು ಬೇಕಾದ ಸಂದೇಶಗಳಲ್ಲಿ ಕೆಲವು ಬರುವುದು ಗಿಣ್ಣುಹಾಲಿನಿಂದ. ರಿಲ್ಯಾಕ್ಸಿನ್ ಎಂಬ ಹಾರ್ಮೋನು ಅದರಲ್ಲೊಂದು. ಆಬರ್ನ್ ವಿಶ್ವವಿದ್ಯಾಲಯದ ಫ್ರಾಂಕ್ ಬಾರ್ಟಲ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರಲ್ ಬ್ಯಾಗ್ನೆಲ್ ಇದನ್ನು ಬಿಡಿಸಿ ತೋರಿಸಿದರು. ಹುಟ್ಟಿದ ಮೊದಲ ಎರಡು ದಿನ ತಾಯಿಯ ಹಾಲಿನ ಬದಲು ಕೃತಕ ಹಾಲು ಕೊಟ್ಟ ಹೆಣ್ಣು ಮರಿಗಳ ಗರ್ಭಕೋಶ ಬೇರೆಯದೇ ಹಾದಿ ಹಿಡಿಯಿತು. ಮೊದಲ ದಿನ ಗಿಣ್ಣುಹಾಲು ಸಾಲದೆ ಹೋದ ಹೆಣ್ಣುಗಳು ದೊಡ್ಡವಾದ ಮೇಲೆ ಕಡಿಮೆ ಮರಿ ಹಾಕಿದ್ದೂ ದಾಖಲಾಗಿದೆ. ಹಂದಿಯ ಮಾಸು ರೋಗನಿರೋಧಕ ಅಂಶಗಳನ್ನು ಮರಿಗೆ ದಾಟಿಸುವುದಿಲ್ಲ, ಅದಕ್ಕೇ ಗಿಣ್ಣುಹಾಲು ಜೀವ ಉಳಿಸುತ್ತದೆ ಎಂಬುದು ನಿಮಗೆ ಗೊತ್ತು. ಅದೇ ಹಾಲು ಗರ್ಭಕೋಶವನ್ನೂ ಕಟ್ಟುತ್ತದೆ ಎಂಬುದು ಇನ್ನೂ ಎಲ್ಲ ಕೊಟ್ಟಿಗೆಗಳಿಗೆ ತಲುಪಿಲ್ಲ. ಹದಿನಾರು ಮರಿಗಳ ಜಟಾಪಟಿಯಲ್ಲಿ ತೀರಾ ಸಣ್ಣದೊಂದು ಮರಿಗೆ ಮೊದಲ ದಿನ ಎಷ್ಟು ಹಾಲು ಸಿಕ್ಕಿರಬಹುದು, ಯೋಚಿಸಿ. ನಿಮ್ಮ ಹಂದಿಗೆ ಹೊಟ್ಟೆಯೊಳಗೂ ಹೊರಗೂ ಎರಡು ಸಲ ಕೊರತೆ ಆಗಿರುವ ಸಾಧ್ಯತೆ ಇದೆ.

ಇಷ್ಟೆಲ್ಲ ಹೇಳಿದ ಮೇಲೂ, ಗರ್ಭದ ಮೇಲೆ ತಪ್ಪು ಹೊರಿಸುವ ಮೊದಲು ಕೊಟ್ಟಿಗೆಯನ್ನು ನೋಡಬೇಕು. ಬೆದೆಗೇ ಬರುವುದಿಲ್ಲ ಎಂದು ಕಸಾಯಿಖಾನೆಗೆ ಕಳಿಸಿದ ಎಳೆಯ ಹೆಣ್ಣುಹಂದಿಗಳ ಅಂಡಾಶಯಗಳನ್ನು ನಾನು ಅನೇಕ ಬಾರಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಮ್ಮೆಯೂ ಬೆದೆಗೆ ಬಾರದ್ದಾದರೆ ಅಂಡಾಶಯ ಹಿಪ್ಪುನೇರಳೆ ಹಣ್ಣಿನಂತೆ ಸಣ್ಣ ಸಣ್ಣ ನೀರುಗುಳ್ಳೆಗಳಿಂದ ತುಂಬಿರುತ್ತದೆ. ಬೆದೆ ಕಳೆದದ್ದಾದರೆ ಮಾಂಸದ ಬಣ್ಣದ ಗಟ್ಟಿ ಉಂಡೆಗಳು ದ್ರಾಕ್ಷಿ ಗೊಂಚಲಿನಂತೆ ಎದ್ದು ಕಾಣುತ್ತವೆ. ಗೊಂಚಲು ಕಂಡಾಗಲೆಲ್ಲ ಮನಸ್ಸು ಮುದುಡುತ್ತದೆ: ಈ ಹಂದಿ ಬೆದೆಗೆ ಬಂದಿತ್ತು, ನೋಡಬೇಕಾದವರು ನೋಡಲಿಲ್ಲ. ಎಳೆಯ ಹಂದಿಯ ಬೆದೆ ಒಂದೆರಡು ದಿನದ್ದು, ಗಂಡಿನ ವಾಸನೆಯಿಲ್ಲದೆ ಅದು ಗಟ್ಟಿಯಾಗಿ ನಿಂತು ತೋರಿಸುವುದೂ ಇಲ್ಲ.

ಆದ್ದರಿಂದ ನಿಮ್ಮ ಹಂದಿಗೆ ನನ್ನ ಸಲಹೆ ಹೀಗಿದೆ. ಹತ್ತು ತಿಂಗಳು ದಾಟಿದ, ಬಾಯಲ್ಲಿ ನೊರೆ ಬರುವ, ಚುರುಕಾದ ಗಂಡುಹಂದಿಯನ್ನು ದಿನಕ್ಕೆ ಹತ್ತು ಹದಿನೈದು ನಿಮಿಷ ಇದರ ಬಳಿಗೆ ಬಿಡಿ, ಎದುರಿಗೆ ನೀವಿರಿ. ಎಳೆಯ ಗಂಡಿನ ಜೊಲ್ಲಿನಲ್ಲಿ ಬೆದೆ ಕೆರಳಿಸುವ ವಾಸನೆಯ ಅಂಶ ಸಾಕಷ್ಟಿರುವುದಿಲ್ಲ. ಇಡೀ ದಿನ ಪಕ್ಕದ ಗೂಡಿನಲ್ಲೇ ಗಂಡು ಇದ್ದರೆ ಹೆಣ್ಣು ಅದಕ್ಕೆ ಒಗ್ಗಿಹೋಗುತ್ತದೆ, ಹಾಗಾಗಿ ದೂರವಿಟ್ಟು ಹೊತ್ತಿಗೆ ತನ್ನಿ. ಗೂಡು ಬದಲಿಸಿ. ಬೆನ್ನ ಮೇಲೆ ಕೈಯೂರಿ ಒತ್ತಿ ನೋಡಿ. ಬೆದೆಯ ಸುತ್ತು 21 ದಿನದ್ದಾದ್ದರಿಂದ ನಾಲ್ಕೈದು ವಾರ ಒಂದು ದಿನವೂ ತಪ್ಪದೆ ಇದನ್ನು ಮಾಡಿದರೆ ಉತ್ತರ ಸಿಗುತ್ತದೆ.

ಚುಚ್ಚುಮದ್ದಿಗೆ ಅವಸರ ಬೇಡ. ಬೆದೆ ಬರಿಸಲು ಕೊಡುವ ಹಾರ್ಮೋನು ನಿಜವಾಗಿಯೂ ಬೆದೆಗೆ ಬಾರದ ಹಂದಿಯಲ್ಲಿ ಸಾಮಾನ್ಯವಾಗಿ ವಾರದೊಳಗೆ ಕೆಲಸ ಮಾಡುತ್ತದೆ. ನಿಮಗೆ ತಿಳಿಯದೆ ಅದು ಈಗಾಗಲೇ ಬೆದೆ ಸುತ್ತಿನಲ್ಲಿದ್ದರೆ ಮದ್ದು ವ್ಯರ್ಥ, ಅಂಡಾಶಯದಲ್ಲಿ ನೀರುಗಂಟು ಕಟ್ಟುವ ಅಪಾಯ ಬೇರೆ. ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಬೆದೆ ಕಳೆದ ಮೇಲೆ ಅಂಡಾಶಯ ಒಸರುವ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಪರೀಕ್ಷಿಸಿದರೆ, ಎರಡೂ ಕಡಿಮೆಯಿದ್ದಲ್ಲಿ ಅದು ಬೆದೆಗೆ ಬಂದೇ ಇಲ್ಲ ಎಂದು ಪಶುವೈದ್ಯರು ಹೇಳಬಲ್ಲರು. ಮದ್ದಿನಿಂದ ಒಮ್ಮೆ ಬೆದೆಗೆ ಬಂದು ಮತ್ತೆ ಸುಮ್ಮನಾಗುವ ಹಂದಿಗಳೂ ಇವೆ. ಇನ್ನೊಂದು ಮಾತು: ತಡವಾಗಿ ಬೆದೆಗೆ ಬರುವ ಗುಣ ತಕ್ಕಮಟ್ಟಿಗೆ ಮಕ್ಕಳಿಗೂ ಹೋಗುತ್ತದೆ. ಮದ್ದು ಕೊಟ್ಟು ತಳಿಗೆ ನಿಲ್ಲಿಸಿದರೆ ಆ ಗುಣವನ್ನೇ ಬೆಳೆಸಿದಂತೆ. ಐದು ವಾರದ ಪ್ರಾಮಾಣಿಕ ಪ್ರಯತ್ನಕ್ಕೂ ಬಗ್ಗದಿದ್ದರೆ ಮಾರಿಬಿಡಿ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಮುಂದಿನ ಆಯ್ಕೆಯನ್ನು ಆರನೇ ತಿಂಗಳಲ್ಲಿ ಮಾಡಬೇಡಿ. ಮರಿ ಹುಟ್ಟಿದ ದಿನವೇ ಶುರುಮಾಡಿ. ತಾಯಿಯ ಒಂದು ಸೂಲಿನ ಸಂಖ್ಯೆಗಿಂತ ಅದರ ಎರಡು ಮೂರು ಸೂಲುಗಳ ಸರಾಸರಿ ಮರಿತೂಕ ಹೆಚ್ಚು ಹೇಳುತ್ತದೆ. 1 ಕಿಲೋಗಿಂತ ಕಡಿಮೆ ತೂಗಿದ ಹೆಣ್ಣನ್ನು, ಉಬ್ಬುಹಣೆಯದನ್ನು, ಎಷ್ಟೇ ಒಳ್ಳೆಯ ತಾಯಿಯದಾದರೂ ತಳಿಯ ಪಟ್ಟಿಯಿಂದ ಆಗಲೇ ತೆಗೆಯಿರಿ. ಉಳಿದವಕ್ಕೆ ಕಿವಿಗುರುತು ಹಾಕಿ. ದೊಡ್ಡ ಸೂಲಾದರೆ ಬಲಿಷ್ಠ ಮರಿಗಳನ್ನು ಒಂದೆರಡು ಗಂಟೆ ಬೆಚ್ಚಗೆ ಬೇರೆಯಿಟ್ಟು ಸಣ್ಣವಕ್ಕೆ ಮೊದಲು ಹಾಲೂಡಿಸಿ. ಪ್ರತಿ ಮರಿಗೆ ಮೊದಲ 24 ಗಂಟೆಯಲ್ಲಿ 250 ಗ್ರಾಂ ಗಿಣ್ಣುಹಾಲು ಸಿಕ್ಕರೆ ನೆಮ್ಮದಿ. ಬೇರೆ ತಾಯಿಗೆ ಬಿಡುವುದಿದ್ದರೆ ಹೆತ್ತ ತಾಯಿಯ ಗಿಣ್ಣು ಕುಡಿದ ನಂತರವೇ ಬಿಡಿ. ಮೊಲೆತೊಟ್ಟುಗಳನ್ನು ಎಣಿಸಿ, ಗಂಡು ತುಂಬಿದ ಸೂಲಿನ ಹೆಣ್ಣಾದರೆ ಎರಡು ಸಲ ಎಣಿಸಿ. ಎರಡು ಸಮಾನ ಮರಿಗಳ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ ಮಾತ್ರ ಸೋದರರ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಗಬ್ಬದ ಹಂದಿಗೆ ಕೊನೆಯ ತಿಂಗಳು ಮೇವು ಸುರಿದು ಮರಿಗಳ ತೂಕ ಹೆಚ್ಚಿಸಬಹುದು ಎಂದು ಅನೇಕರು ನಂಬಿದ್ದಾರೆ. ಸಿಗುವ ಲಾಭ ತೀರಾ ಅಲ್ಪ. ತಾಯಿ ಕೊಬ್ಬಿದರೆ ಹೆರಿಗೆ ಕಷ್ಟವಾಗುತ್ತದೆ, ಹಾಲೂಡಿಸುವಾಗ ತಿನ್ನುವುದು ಕಡಿಮೆಯಾಗುತ್ತದೆ. ಅದರ ಬದಲು ಕೂಡಿಸಿದ ಮೇಲಿನ ಮೊದಲ ತಿಂಗಳು ಹಂದಿಗಳನ್ನು ಬೆರೆಸದೆ, ಸ್ಥಳಾಂತರಿಸದೆ ಬಿಡಿ. ಗರ್ಭದುದ್ದಕ್ಕೂ ನೆರಳು, ಗಾಳಿ, ಮೈಮೇಲೆ ಚಿಮುಕಿಸಲು ನೀರು ಮತ್ತು ಬೂಷ್ಟಿಲ್ಲದ ಮೇವು ಇರಲಿ.

ಗಬ್ಬ ಕಟ್ಟಿರುವ ಇನ್ನೊಂದು ಹೆಣ್ಣನ್ನು ಮರೆಯಬೇಡಿ. ಮೊದಲ ಸೂಲಿನ ಮರಿಗಳು ಹೇಗೂ ಸ್ವಲ್ಪ ಹಗುರವಾಗಿರುತ್ತವೆ, ಅಷ್ಟಕ್ಕೇ ಅದನ್ನು ದೂರಬೇಡಿ. ಮರಿ ಹಾಕಿದ ದಿನ ಹಾಲು ಕುಡಿಯುವ ಮೊದಲೇ ಒಂದೊಂದನ್ನೂ ತಕ್ಕಡಿಗಿಟ್ಟು ತೂಕ ಬರೆದಿಡಿ, ಎರಡನೇ ಸೂಲಿನಲ್ಲಿ ಮತ್ತೆ ಬರೆಯಿರಿ. ನೀವು ಬಯಸಿದ ತಾಯಿಯ ಗುಣ ಅದರಲ್ಲಿ ಇಳಿದಿದೆಯೇ ಎಂಬುದು ಆ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಗೊತ್ತಾಗುತ್ತದೆ.